ಬೆಳ್ಳಿ ರೂಪಾಯಿಯ ಬಣ್ಣ: ಕಾಲ ಬಳಿದದ್ದೋ, ಕೈ ಬಳಿದದ್ದೋ?

ದೀಪಾವಳಿಯ ಲಕ್ಷ್ಮೀಪೂಜೆಯ ದಿನ ದಾವಣಗೆರೆಯ ಹಳೆಯ ಮನೆಗಳಲ್ಲಿ, ಅದರಲ್ಲೂ ಒಂದು ಕಾಲಕ್ಕೆ ಹತ್ತಿಯ ವ್ಯಾಪಾರ ಮಾಡಿದ ಕುಟುಂಬಗಳಲ್ಲಿ, ತಿಜೋರಿಯ ತಳದಿಂದ ನಾಲ್ಕಾರು ಬೆಳ್ಳಿ ರೂಪಾಯಿಗಳು ಹೊರಗೆ ಬರುತ್ತವೆ. ಅವುಗಳನ್ನು ಹುಣಸೆಹುಳಿಯಲ್ಲೋ ವಿಭೂತಿಯಲ್ಲೋ ತಿಕ್ಕಿ ತೊಳೆದು, ಅರಿಶಿನ ಕುಂಕುಮವಿಟ್ಟು ಪೂಜಿಸಿ, ಮರುದಿನ ಮತ್ತೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಳಗಿಡುವುದು ರೂಢಿ. ಕೆಲವು ವರ್ಷಗಳ ಹಿಂದೆ ನಾನು ಒಬ್ಬ ವ್ಯಾಪಾರಿಯಿಂದ ಏಳನೆಯ ಎಡ್ವರ್ಡನ 1907ರ ರೂಪಾಯಿಯೊಂದನ್ನು ಕೊಂಡೆ. ಅದರ ಎರಡೂ ಮುಖಗಳಲ್ಲಿ ನವಿಲುಗರಿಯ ನೀಲಿ, ನಡುನಡುವೆ ಗುಲಾಬಿ ಬಣ್ಣದ ಪಟ್ಟೆಗಳಿದ್ದವು. "ನಮ್ಮಜ್ಜಿ ಪೂಜೆಗೆ ಇಡ್ತಿದ್ದ ರೂಪಾಯಿ ಸರ್, ನೂರು ವರ್ಷದ ಬಣ್ಣ ಇದು" ಎಂದು ಅವರು ಹೇಳಿದಾಗ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ವರ್ಷಕ್ಕೊಮ್ಮೆ ಹುಣಸೆಹುಳಿ ಕಂಡ ರೂಪಾಯಿಯ ಮೇಲೆ ನೂರು ವರ್ಷದ ಬಣ್ಣ ಉಳಿಯುವುದು ಹೇಗೆ ಎಂಬ ಪ್ರಶ್ನೆ ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.

ನಾಣ್ಯ ಸಂಗ್ರಹಕಾರರು ಟೋನಿಂಗ್ ಎಂದು ಕರೆಯುವುದು ಈ ಬಣ್ಣವನ್ನೇ. ಮನೆಯಲ್ಲಿ ಬೆಳ್ಳಿ ಲೋಟ ಕಪ್ಪಾಯಿತು ಎಂದು ನಾವು ಬೇಸರಪಡುವ ಕ್ರಿಯೆಯೇ ನಾಣ್ಯದ ಮೇಲೆ ತೀರ ನಿಧಾನವಾಗಿ, ತೀರ ತೆಳ್ಳಗೆ ನಡೆದರೆ ಕಪ್ಪಿನ ಬದಲು ಕಾಮನಬಿಲ್ಲು ಮೂಡುತ್ತದೆ. ಅಂಥ ನಾಣ್ಯಕ್ಕೆ ಸಾಮಾನ್ಯ ನಾಣ್ಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಣ ಕೊಡುವವರಿದ್ದಾರೆ. ಹಣ ಹೆಚ್ಚು ಸಿಗುತ್ತದೆ ಎಂದಾದಲ್ಲಿ ಆ ಬಣ್ಣವನ್ನು ಒಂದು ಮಧ್ಯಾಹ್ನದಲ್ಲಿ ಬರಿಸುವವರೂ ಹುಟ್ಟಿಕೊಳ್ಳುತ್ತಾರೆ. ನಿಜವಾದದ್ದಕ್ಕೂ ಬರಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಹಿಡಿಯಬೇಕಾದರೆ ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಬೆಳ್ಳಿ ಆಮ್ಲಜನಕದ ಜೊತೆ ಅಷ್ಟಾಗಿ ಸೇರದು, ಗಂಧಕದ ಜೊತೆ ಮಾತ್ರ ಬೇಗ ಬೆರೆಯುತ್ತದೆ. ಗಾಳಿಯಲ್ಲಿ ಎಂದೂ ಇದ್ದೇ ಇರುವ ಅತ್ಯಲ್ಪ ಪ್ರಮಾಣದ ಹೈಡ್ರೋಜನ್ ಸಲ್ಫೈಡ್, ಒಂದಿಷ್ಟು ತೇವದ ನೆರವಿನಿಂದ, ನಾಣ್ಯದ ಮೈಮೇಲೆ ಬೆಳ್ಳಿಯ ಸಲ್ಫೈಡಿನ ಪೊರೆಯನ್ನು ಕಟ್ಟುತ್ತದೆ. ಈ ಪೊರೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನ ಆಸುಪಾಸಿನಲ್ಲಿರುವಾಗ ಬೆಳಕಿನ ಆಟ ಶುರುವಾಗುತ್ತದೆ. ಬಿದ್ದ ಬೆಳಕಿನಲ್ಲಿ ಒಂದು ಭಾಗ ಪೊರೆಯ ಮೇಲ್ಮೈಯಿಂದಲೂ ಇನ್ನೊಂದು ಭಾಗ ಪೊರೆಯನ್ನು ದಾಟಿ ಕೆಳಗಿನ ಬೆಳ್ಳಿಯಿಂದಲೂ ಮರಳುತ್ತದೆ. ಎರಡೂ ಮರಳಿ ಕೂಡುವಾಗ ಕೆಲವು ಬಣ್ಣಗಳು ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಅಳಿಯದೆ ಉಳಿದ ಬಣ್ಣ ನಮ್ಮ ಕಣ್ಣಿಗೆ ಕಾಣುತ್ತದೆ. ಮಳೆ ನಿಂತ ಮೇಲೆ ಬಸ್ ನಿಲ್ದಾಣದ ನೆಲದಲ್ಲಿ ಡೀಸೆಲ್ ಹನಿ ಹರಡಿ ಬಣ್ಣಬಣ್ಣವಾಗಿ ಕಾಣುವುದಕ್ಕೂ ಇದೇ ಕಾರಣ. ನಾಣ್ಯದ ಮೇಲೆ ನೀಲಿ ವಸ್ತು ಯಾವುದೂ ಇಲ್ಲ, ಗುಲಾಬಿ ವಸ್ತುವೂ ಇಲ್ಲ. ಇರುವುದು ಒಂದೇ ವಸ್ತುವಿನ ಬೇರೆಬೇರೆ ದಪ್ಪ.

ದಪ್ಪ ಹೆಚ್ಚಿದಂತೆ ಬಣ್ಣಗಳು ಮನಸ್ಸಿಗೆ ಬಂದ ಹಾಗೆ ಬದಲಾಗುವುದಿಲ್ಲ, ಅವಕ್ಕೊಂದು ಸರದಿ ಇದೆ. ಪೊರೆ ಅತಿ ತೆಳುವಾಗಿರುವಾಗ ಮೊದಲು ಅಳಿಯುವುದು ನೇರಳೆ ಮತ್ತು ನೀಲಿ, ಆದ್ದರಿಂದ ನಾಣ್ಯ ತೆಳು ಹೊಂಬಣ್ಣಕ್ಕೆ ತಿರುಗುತ್ತದೆ. ಇನ್ನಷ್ಟು ದಪ್ಪವಾದಾಗ ಹಸಿರು ಅಳಿದು ಕೆಂಪು ಬೆರೆತ ಕಂದು, ಆಮೇಲೆ ಕಡುಗುಲಾಬಿ ಮತ್ತು ನೇರಳೆ ಮೂಡುತ್ತವೆ. ಅನಂತರ ಹಳದಿ ಮತ್ತು ಕೆಂಪು ಅಳಿಯುವುದರಿಂದ ನೀಲಿ, ಅದು ತಿಳಿಯಾಗುತ್ತ ಆಕಾಶನೀಲಿ ಆಗುತ್ತದೆ. ಅಲ್ಲಿಂದ ಎರಡನೆಯ ಸುತ್ತು ಆರಂಭವಾಗಿ ಮತ್ತೆ ಹಳದಿ, ಮತ್ತೆ ಗುಲಾಬಿ, ಅದರ ಬೆನ್ನಿಗೆ ಹಸಿರು ಬಂದು, ಕೊನೆಗೆ ಪೊರೆ ಬೆಳಕನ್ನು ಬಿಡದಷ್ಟು ದಪ್ಪವಾದಾಗ ಬೂದು, ಕಪ್ಪು. ಉಂಡೆಗೆ ಪಾಕ ಹಿಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು: ಒಂದೆಳೆ ಪಾಕವನ್ನು ದಾಟದೆ ಎರಡೆಳೆ ಪಾಕ ಬರುವುದಿಲ್ಲ. ಹಾಗೆಯೇ ನಾಣ್ಯದ ಒಂದು ಕಡೆ ನೀಲಿ ಇದ್ದು ಅದರ ಪಕ್ಕದಲ್ಲಿ ಬಿಳಿ ಬೆಳ್ಳಿ ಇದ್ದರೆ, ಎರಡರ ನಡುವೆ ಎಷ್ಟೇ ಕಿರಿದಾಗಿದ್ದರೂ ಹಳದಿ ಮತ್ತು ಗುಲಾಬಿಯ ಅಂಚುಗಳು ಕಾಣಬೇಕು. ನೀಲಿಯು ಚಾಕುವಿನಿಂದ ಕತ್ತರಿಸಿದಂತೆ ನಿಂತು ಅದರಾಚೆ ತಟ್ಟನೆ ಬೆಳ್ಳಿ ಶುರುವಾಗಿದ್ದರೆ ಆ ನಾಣ್ಯವನ್ನು ಎರಡು ಸಲ ನೋಡಬೇಕು.

ನೈಸರ್ಗಿಕ ಬಣ್ಣದ ಇನ್ನೊಂದು ಗುಣವೆಂದರೆ ಅದಕ್ಕೊಂದು ವಿಳಾಸ ಇರುತ್ತದೆ. ಗಂಧಕ ಯಾವ ಕಡೆಯಿಂದ ಬಂತೋ ಆ ಕಡೆ ಪೊರೆ ದಪ್ಪ, ದೂರ ಹೋದಂತೆ ತೆಳು. ರಟ್ಟಿನ ಆಲ್ಬಮ್ಮಿನ ದುಂಡು ತೂತಿನಲ್ಲಿ ಬಹುಕಾಲ ಕುಳಿತ ನಾಣ್ಯಕ್ಕೆ ಗಂಧಕ ಸಿಗುವುದು ಸುತ್ತಲಿನ ರಟ್ಟಿನಿಂದ, ಆದ್ದರಿಂದ ಅದರ ಬಣ್ಣ ಅಂಚಿನಿಂದ ನಡುವಿಗೆ ಬಳೆಗಳಂತೆ ಸಾಗುತ್ತದೆ: ಅಂಚಿನಲ್ಲಿ ನೀಲಿ, ಒಳಗೆ ಗುಲಾಬಿ, ಇನ್ನೂ ಒಳಗೆ ಹೊಂಬಣ್ಣ, ನಡುವೆ ಬಿಳುಪು. ಕಾಗದದ ಲಕೋಟೆಯಲ್ಲಿದ್ದ ನಾಣ್ಯದ ಒಂದು ಮುಖ ಇನ್ನೊಂದಕ್ಕಿಂತ ಗಾಢವಾಗಿರುವುದು ಸಾಮಾನ್ಯ. ಬಟ್ಟೆಯ ಚೀಲದಲ್ಲಿ ಒಂದರ ಮೇಲೊಂದು ಬಿದ್ದಿದ್ದ ನಾಣ್ಯಗಳಲ್ಲಿ ಪಕ್ಕದ ನಾಣ್ಯ ಮುಚ್ಚಿದ್ದ ಭಾಗ ಅರ್ಧಚಂದ್ರಾಕಾರವಾಗಿ ಬೆಳ್ಳಗೆ ಉಳಿದಿರುತ್ತದೆ. ಅಮೆರಿಕದ ಖಜಾನೆಯಲ್ಲಿ ದಪ್ಪ ಬಟ್ಟೆಯ ಚೀಲಗಳಲ್ಲಿ ದಶಕಗಟ್ಟಲೆ ಬಿದ್ದಿದ್ದ ಮಾರ್ಗನ್ ಡಾಲರು ಎಂಬ ಬೆಳ್ಳಿ ನಾಣ್ಯಗಳ ಮೇಲೆ ಚೀಲದ ನೇಯ್ಗೆಯ ಗುರುತೇ ಬಣ್ಣವಾಗಿ ಮೂಡಿದ್ದುಂಟು.

ನಮ್ಮ ಕಡೆಯ ವಿಳಾಸಗಳು ಬೇರೆ. ಚಳ್ಳಕೆರೆಯ ಕಂಬಳಿಯನ್ನು ಹೊದೆಯುವುದಕ್ಕೆ ಮಾತ್ರವಲ್ಲ, ಬೆಲೆಬಾಳುವ ಸಾಮಾನು ಸುತ್ತಿಡುವುದಕ್ಕೂ ಬಳಸಿದ ಮನೆಗಳಿವೆ, ಆದರೆ ಉಣ್ಣೆಯ ಎಳೆಯಲ್ಲೇ ಗಂಧಕ ಇರುವುದರಿಂದ ಕಂಬಳಿಯ ಪಕ್ಕದ ಬೆಳ್ಳಿ ಹತ್ತಿಬಟ್ಟೆಯಲ್ಲಿಟ್ಟ ಬೆಳ್ಳಿಗಿಂತ ಬೇಗ ಕಪ್ಪಡರುತ್ತದೆ. ಹಳೆಯ ಹಮ್ಮಿಣಿಯಲ್ಲಿ, ಅಂದರೆ ಹಣದ ಚೀಲದಲ್ಲಿ, ಉಳಿದುಹೋದ ರೂಪಾಯಿಗಳಲ್ಲಿ ನೂಲಿನ ಮಡಿಕೆ ಒತ್ತಿದ ಜಾಗದಲ್ಲಿ ಗೆರೆ ಕಾಣಿಸಬಹುದು. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಸೇರಿಸುತ್ತಾರಾದ್ದರಿಂದ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ಪೊಟ್ಟಣದೊಳಗಿನ ನಾಣ್ಯದ ಮೇಲೆ ನೇರವಾದ ಕಪ್ಪು ಪಟ್ಟೆ ಬಿದ್ದಿರುವುದನ್ನು ನಾನೇ ಕಂಡಿದ್ದೇನೆ, ಹಾಗೆ ಕಟ್ಟಿಟ್ಟವನೂ ನಾನೇ. ಈ ಪಟ್ಟೆ ನೋಡಲು ಕೆಟ್ಟದಾಗಿದ್ದರೂ ಅದರ ಕಾರಣ ಅದರ ಆಕಾರದಲ್ಲೇ ಬರೆದಿದೆ. ಬಣ್ಣದ ನಾಣ್ಯವೊಂದು ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಈ ಜಾಗದಲ್ಲಿ ಈ ಬಣ್ಣ ಬರಬೇಕಾದರೆ ಈ ನಾಣ್ಯ ಎಲ್ಲಿ, ಹೇಗೆ ಮಲಗಿರಬೇಕಿತ್ತು? ಉತ್ತರ ಹೊಳೆಯದೆ ಹೋದರೆ, ಅಥವಾ ಮಾರುವವರು ಹೇಳುವ ಕಥೆಗೂ ಬಣ್ಣ ಹೇಳುವ ಕಥೆಗೂ ತಾಳೆಯಾಗದೆ ಹೋದರೆ, ಹಣ ಕೊಡುವ ಅವಸರ ಬೇಡ.

ಬಣ್ಣ ಬರಿಸುವವರು ಮಾಡುವುದು ಹೆಚ್ಚಾಗಿ ಇದೇ ರಸಾಯನವನ್ನು ಅವಸರದಲ್ಲಿ. ಬೆಂದ ಮೊಟ್ಟೆಯ ಹಳದಿಯೊಂದಿಗೆ ಡಬ್ಬಿಯಲ್ಲಿ ಮುಚ್ಚಿಡುವುದರಿಂದ ಹಿಡಿದು, ಅಕ್ಕಸಾಲಿಗರು ಬೆಳ್ಳಿ ಒಡವೆಯ ಕೆತ್ತನೆಗೆ ಕಪ್ಪು ಕೊಡಲು ಬಳಸುವ ಗಂಧಕದ ದ್ರಾವಣ, ಓವನ್ನಿನ ಕಾವು, ಗ್ಯಾಸ್ ಒಲೆಯ ಉರಿ, ಬ್ಲೀಚ್, ಅಯೋಡಿನ್ ತನಕ ದಾರಿಗಳು ಹಲವು. ಅವುಗಳ ಪಟ್ಟಿಗಿಂತ ಅವು ಬಿಡುವ ಗುರುತು ಮುಖ್ಯ. ದ್ರಾವಣ ಹರಿಯುತ್ತದೆ, ತೊಟ್ಟಿಕ್ಕುತ್ತದೆ, ಅಂಚಿನಲ್ಲಿ ಕೂಡಿ ನಿಲ್ಲುತ್ತದೆ. ಅದರ ಬಣ್ಣವೂ ಹರಿದಂತೆ, ತೊಟ್ಟಿಕ್ಕಿದಂತೆ ಇರುತ್ತದೆ, ರಾಜನ ಮುಖವನ್ನಾಗಲಿ ಅಕ್ಷರಗಳನ್ನಾಗಲಿ ಲೆಕ್ಕಿಸದೆ ಅವುಗಳ ಮೇಲೆ ಹಾದುಹೋಗುತ್ತದೆ. ನಿಧಾನವಾಗಿ ಬಂದ ಬಣ್ಣ ಉಬ್ಬುತಗ್ಗುಗಳನ್ನು ಗಮನಿಸುತ್ತದೆ: ಕಾಗದವೋ ಬಟ್ಟೆಯೋ ಉಬ್ಬಿದ ಅಕ್ಷರಕ್ಕೆ ತಾಗಿ, ಅಕ್ಷರದ ಬುಡವನ್ನು ಮುಟ್ಟಲಾರದೆ ಹೋದಲ್ಲಿ ಅಕ್ಷರದ ಸುತ್ತ ತಿಳಿಯಾದ ತೆಳು ಅಂಚೊಂದು ಉಳಿಯುತ್ತದೆ. ಭೂತಗನ್ನಡಿಯಲ್ಲಿ ಅದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಇದಕ್ಕಿಂತ ಖಚಿತವಾದ ಸಾಕ್ಷಿ ಹೊಳಪಿನದು. ಟಂಕಸಾಲೆಯಲ್ಲಿ ಅಚ್ಚಿನ ಹೊಡೆತ ಬಿದ್ದಾಗ ಲೋಹವು ನಡುವಿನಿಂದ ಅಂಚಿನ ಕಡೆಗೆ ಹರಿದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳನ್ನು ಬಿಡುತ್ತದೆ. ಚಲಾವಣೆಯಾಗದ ನಾಣ್ಯವನ್ನು ಒಂಟಿ ಬಲ್ಬಿನ ಕೆಳಗೆ ಓರೆ ಮಾಡಿ ತಿರುಗಿಸಿದರೆ ಈ ಗೆರೆಗಳಿಂದಾಗಿ ಬೆಳಕಿನ ಪಟ್ಟಿಗಳು ಸೈಕಲ್ ಚಕ್ರದ ಕಡ್ಡಿಗಳಂತೆ ಸುತ್ತುತ್ತವೆ. ತೆಳುವಾದ ನೈಸರ್ಗಿಕ ಪೊರೆಯ ಕೆಳಗೂ ಈ ಸುತ್ತು ನಿಲ್ಲುವುದಿಲ್ಲ; ಬಣ್ಣ ಲೋಹದೊಳಗೇ ಇದ್ದಂತೆ, ಬೆಳಕು ಬಣ್ಣದ ಮೂಲಕ ಹೊರಳಿದಂತೆ ತೋರುತ್ತದೆ. ಔಷಧಿ ಹಾಕಿದ ನಾಣ್ಯದಲ್ಲಿ ಬಣ್ಣ ಎಣ್ಣೆಯಂತೆ ಮೇಲೆ ತೇಲುತ್ತದೆ, ಅಡಿಯಲ್ಲಿ ಹೊಳಪು ಸತ್ತಿರುತ್ತದೆ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ಈ ಪರೀಕ್ಷೆ ಆಗುವುದಿಲ್ಲ. ಮೊಬೈಲ್ ಫೋಟೋದಲ್ಲಂತೂ ಬಣ್ಣವನ್ನು ಬೆರಳ ತುದಿಯಲ್ಲಿ ಏರಿಸಬಹುದಾದ್ದರಿಂದ, ದೂರದಿಂದ ಕೊಳ್ಳುವವರು ನಾಣ್ಯವನ್ನು ಬಲ್ಬಿನ ಕೆಳಗೆ ತಿರುಗಿಸಿದ ವಿಡಿಯೊ ಕೇಳುವುದು ಒಳ್ಳೆಯದು.

ಸವೆದ ನಾಣ್ಯಕ್ಕೆ ಮೇಲಿನ ಹೊಳಪಿನ ಮಾತು ಅನ್ವಯಿಸುವುದಿಲ್ಲ, ನಮ್ಮ ಕೈಗೆ ಸಿಗುವುದು ಹೆಚ್ಚಾಗಿ ಸವೆದ ನಾಣ್ಯಗಳೇ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಏಕರೂಪದ ರೂಪಾಯಿಯನ್ನು ಹೊರಡಿಸಿದಾಗಿನಿಂದ 1930ರ ದಶಕದ ಕೊನೆಯವರೆಗೂ ಅದರ ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಬೆಳ್ಳಿಯ ಪ್ರಮಾಣ ನೂರಕ್ಕೆ 91.7, ಉಳಿದದ್ದು ತಾಮ್ರ. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಕದ ಬಟ್ಟಾಗಿಯೂ, ಸಂತೆಯಲ್ಲಿ ಹಣವಾಗಿಯೂ ಓಡಾಡಿದ ಈ ರೂಪಾಯಿಗಳು ಪ್ರಾಮಾಣಿಕವಾಗಿ ಮುದಿಯಾದರೆ ಅಕ್ಷರಗಳ ಸಂದಿಯಲ್ಲಿ, ಕೂದಲಿನ ಎಳೆಗಳ ನಡುವೆ ಕಪ್ಪುಬೂದು ನಿಂತು, ಕೈತಾಗುವ ಉಬ್ಬುಗಳು ತಿಳಿಬೂದಾಗಿ ಕಾಣುತ್ತವೆ. ಎಡ್ವರ್ಡನ ರೂಪಾಯಿಯಲ್ಲಿ ಕಿವಿಯ ಮೇಲಿನ ಕೂದಲು ಮತ್ತು ಗಡ್ಡ, ಐದನೆಯ ಜಾರ್ಜನದರಲ್ಲಿ ಕಿರೀಟ ಮತ್ತು ನಿಲುವಂಗಿಯ ಮೇಲಿನ ಆನೆ ಮೊದಲು ಸವೆಯುತ್ತವೆ. ಸವೆದು ನುಣುಪಾದ ಕಿವಿಯ ಮೇಲೂ ಅದರ ಪಕ್ಕದ ಆಳದ ಸಂದಿಯಲ್ಲೂ ಒಂದೇ ಬಗೆಯ ಹೊಳೆಯುವ ನೀಲಿ ಇದೆ ಎಂದರೆ ಬಣ್ಣ ಬಂದದ್ದು ಸವೆತದ ನಂತರ, ಒಂದೇ ಏಟಿಗೆ ಎಂದರ್ಥ. ಗೀರುಗಳೂ ಹೀಗೆಯೇ ಸಾಕ್ಷಿ ನುಡಿಯುತ್ತವೆ. ಒಂದೇ ದಿಕ್ಕಿನ ನೂರಾರು ಸಣ್ಣ ಗೀರುಗಳು ಬಣ್ಣದ ಕೆಳಗೆ ಕಂಡರೆ, ಅದು ಒಮ್ಮೆ ತಿಕ್ಕಿ ತೊಳೆದು ಆಮೇಲೆ ಬಣ್ಣ ಬಂದ ನಾಣ್ಯ. ಹಲವೊಮ್ಮೆ ಬಣ್ಣ ಬರಿಸುವುದೇ ಆ ಗೀರುಗಳನ್ನು ಮುಚ್ಚಲು. 1940ರಿಂದ ರೂಪಾಯಿಯ ಬೆಳ್ಳಿ ನೂರಕ್ಕೆ 50ಕ್ಕೆ ಇಳಿದು ತಾಮ್ರ, ನಿಕ್ಕಲ್, ಸತುವು ಸೇರಿದವು. ಅಂಥ ಮಿಶ್ರಲೋಹ ಮಂಕಾದ ಕಂದುಬೂದಿಗೆ ಒಲಿಯುತ್ತದೆ, ಆರನೆಯ ಜಾರ್ಜನ 1944ರ ರೂಪಾಯಿ ಕಾಮನಬಿಲ್ಲಾಗಿ ಹೊಳೆಯುತ್ತಿದ್ದರೆ ನನಗಂತೂ ಒಳಗೊಳಗೇ ನಗು ಬರುತ್ತದೆ.

ಪೂಜೆಯ ರೂಪಾಯಿಯ ವಿಚಾರಕ್ಕೆ ಮರಳೋಣ. ಹುಣಸೆಹುಳಿಯ ಆಮ್ಲ ಮೇಲಿನ ಕೊಳೆಯನ್ನೂ ಪೊರೆಯನ್ನೂ ಸಡಿಲಿಸುತ್ತದೆ, ವಿಭೂತಿಯ ನುಣುಪುಡಿ ಉಳಿದುದನ್ನು ಉಜ್ಜಿ ತೆಗೆಯುತ್ತದೆ, ಅಂಟುವಾಳದ ನೊರೆ ಜಿಡ್ಡನ್ನು ಒಯ್ಯುತ್ತದೆ. ದೇವರ ಸಾಮಾನಿಗೆ ಇದು ಸರಿಯಾದ ಉಪಚಾರವೇ. ನಾಣ್ಯದ ದೃಷ್ಟಿಯಿಂದ ಮಾತ್ರ ಪ್ರತಿ ವರ್ಷವೂ ಬಣ್ಣದ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ. ತಿಕ್ಕಿದ ಬೆಳ್ಳಿ ಮತ್ತೆ ಬಣ್ಣ ಹಿಡಿಯುತ್ತದೆ, ಕೆಲವೊಮ್ಮೆ ನೀಲಿನೇರಳೆಯೂ ಬರುತ್ತದೆ. ಯಾರೂ ಮೋಸ ಮಾಡದೆ ಬಂದ ಆ ಬಣ್ಣವನ್ನು ಕೃತಕ ಎನ್ನಲಾಗದು, ನೂರು ವರ್ಷದ್ದು ಎನ್ನಲೂ ಆಗದು. ತೊಳೆದ ಮೇಲೆ ಮರಳಿ ಬಣ್ಣಗೊಂಡದ್ದು ಎಂದು ಅದನ್ನು ಬೇರೆಯಾಗಿಯೇ ಎಣಿಸುತ್ತಾರೆ, ಬೆಲೆಯೂ ಬೇರೆ.

ಹೊಂಬಣ್ಣವೆಂದು ತೋರಿದ್ದು ಅರಿಶಿನವೇ ಆಗಿರುವುದೂ ಉಂಟು. ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳದಿ, ಅಲ್ಲಲ್ಲಿ ಕುಂಕುಮದ ಕೆಂಪು ಇರುವ ರೂಪಾಯಿಯನ್ನು ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಕೆಲವು ನಿಮಿಷ ಬಿಟ್ಟರೆ ಅರಿಶಿನ, ಎಣ್ಣೆ, ಊದುಬತ್ತಿಯ ಹೊಗೆಯ ಜಿಡ್ಡು, ಯಾರೋ ಬಳಿದ ಮೆರುಗೆಣ್ಣೆ ಇವೆಲ್ಲ ಕರಗುತ್ತವೆ. ಬೆಳ್ಳಿಯ ಸಲ್ಫೈಡ್ ಅಸಿಟೋನಿಗೆ ಕರಗುವುದಿಲ್ಲ. ಆದ್ದರಿಂದ ಅಸಿಟೋನಿನಲ್ಲಿ ಇಳಿದು ಹೋದ ಬಣ್ಣ ಟೋನಿಂಗ್ ಆಗಿರಲೇ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು, ಉಳಿದ ಬಣ್ಣ ನೈಸರ್ಗಿಕ ಎಂದು ಮಾತ್ರ ಹೇಳುವಂತಿಲ್ಲ, ಮೊಟ್ಟೆಯಿಂದ ಬಂದ ಸಲ್ಫೈಡೂ ಅಷ್ಟೇ ಗಟ್ಟಿ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸುಗಂಧ, ಎಣ್ಣೆ ಬೆರೆತಿರುವುದರಿಂದ ಅದು ಇದಕ್ಕೆ ಬೇಡ. ಅಸಿಟೋನಿಗೆ ಬೆಂಕಿ ಬೇಗ ಹತ್ತುತ್ತದೆ ಎಂಬುದನ್ನೂ ದೀಪ ಉರಿಯುವ ಮನೆಯಲ್ಲಿ ಮರೆಯಬಾರದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆಗಳ ಆಲ್ಬಮ್ಮಿನಲ್ಲಿ ಇಟ್ಟ ನಾಣ್ಯಕ್ಕೆ ಹತ್ತುವ ಹಸಿರು ಅಂಟನ್ನೂ ಬಣ್ಣವೆಂದು ಹೊಗಳುವವರಿದ್ದಾರೆ. ಅದು ಪ್ಲಾಸ್ಟಿಕ್ ಬೆವರಿದ್ದು, ನಾಣ್ಯವನ್ನು ತಿನ್ನುವಂಥದ್ದು.

ಕಾಸಿನ ಸರದಿಂದ ಬಿಡಿಸಿದ ರೂಪಾಯಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಮಧ್ಯ ಕರ್ನಾಟಕದಲ್ಲಿ ಅವು ಧಾರಾಳವಾಗಿ ಸಿಗುತ್ತವೆ. ಕೊಂಡಿಯನ್ನು ಬೆಸೆಯುವಾಗ ನಾಣ್ಯದ ಮೇಲ್ತುದಿಗೆ ಉರಿ ತಾಗಿರುತ್ತದೆ, ಬಿಡಿಸುವಾಗ ಮತ್ತೊಮ್ಮೆ ತಾಗುತ್ತದೆ, ಉಳಿದ ಬೆಸುಗೆಯನ್ನು ಅರದಿಂದ ಉಜ್ಜಿರುತ್ತಾರೆ. ಅಲ್ಲಿ ಉಳಿಯುವ ಬೆಳ್ಳನೆಯ ಗಾಯವನ್ನು ಮರೆಮಾಡಲು ಇಡೀ ನಾಣ್ಯಕ್ಕೆ ಬಣ್ಣ ಕೊಡುವುದು ಹಳೆಯ ಉಪಾಯ. ಬಣ್ಣದ ನಾಣ್ಯವನ್ನು ಮುಖ ನೋಡುವ ಮೊದಲು ಅಂಚು ನೋಡಬೇಕು, ಅಂಚಿನ ಹಲ್ಲುಗಳು ಒಂದು ಕಡೆ ಮಾಯವಾಗಿದ್ದರೆ ಬಣ್ಣದ ಉದ್ದೇಶ ತಿಳಿದ ಹಾಗೆಯೇ.

ಇಷ್ಟು ಹೇಳಿದ ಮೇಲೂ ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ನಿಧಾನವಾಗಿ ಕಟ್ಟಿದ ಪೊರೆಯೂ ಗಂಧಕದಿಂದ ಅವಸರದಲ್ಲಿ ಕಟ್ಟಿದ ಪೊರೆಯೂ ರಾಸಾಯನಿಕವಾಗಿ ಒಂದೇ ಬೆಳ್ಳಿಯ ಸಲ್ಫೈಡ್. ಗಂಧಕವಿರುವ ಕಾಗದದಲ್ಲಿ ಸುತ್ತಿ ಕಿಟಕಿಯ ಹತ್ತಿರ ಎರಡು ವರ್ಷ ಇಟ್ಟವನ ನಾಣ್ಯವನ್ನೂ, ಅದೇ ಕಾಗದದಲ್ಲಿ ಸುತ್ತಿ ಮರೆತವನ ನಾಣ್ಯವನ್ನೂ ಬೇರ್ಪಡಿಸುವುದು ಉದ್ದೇಶ ಮಾತ್ರ, ಉದ್ದೇಶವನ್ನು ಭೂತಗನ್ನಡಿ ತೋರಿಸದು. ನಾಣ್ಯಗಳ ದರ್ಜೆ ನಿಗದಿ ಮಾಡಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಅಮೆರಿಕದ ಪಿಸಿಜಿಎಸ್, ಎನ್‌ಜಿಸಿಯಂಥ ಸಂಸ್ಥೆಗಳ ಪರಿಣತರೂ ಮಾಡುವುದು ಅಂತಿಮವಾಗಿ ಕಣ್ಣಳತೆಯ ತೀರ್ಮಾನವನ್ನೇ. ಸಂಶಯಾಸ್ಪದ ಬಣ್ಣ ಎಂಬ ಷರಾ ಬರೆದು ಅಂಕ ಕೊಡದೆ ಹಿಂತಿರುಗಿಸುವ ನಾಣ್ಯ ಇನ್ನೊಮ್ಮೆ ಕಳಿಸಿದಾಗ ದಾಟಿಹೋಗುವುದೂ ಇದೆ. ಮಾರುಕಟ್ಟೆ ಒಪ್ಪುವ ಬಣ್ಣ ಎಂಬ ಮಾತು ಆ ವಲಯದಲ್ಲಿ ಚಾಲ್ತಿಯಲ್ಲಿರುವುದು ಇದೇ ಕಾರಣಕ್ಕೆ. ನನ್ನ ಮಟ್ಟಿಗೆ, ಬಣ್ಣವಿಲ್ಲದಿದ್ದರೂ ಕೊಡುತ್ತಿದ್ದ ಬೆಲೆಗಿಂತ ಹೆಚ್ಚು ಕೊಡದಿರುವುದು ಉಳಿದ ಎಲ್ಲ ಪರೀಕ್ಷೆಗಳಿಗಿಂತ ನಂಬಿಕಸ್ಥ ರಕ್ಷಣೆ.

ಚಿತ್ರದುರ್ಗದ ಕಡೆಯವರಿಗೆ ಬೆಳ್ಳಿಗಿಂತ ತಾಮ್ರದ ಪ್ರಶ್ನೆಯೇ ಹತ್ತಿರದ್ದು. 1779ರಲ್ಲಿ ಹೈದರಾಲಿ ದುರ್ಗವನ್ನು ಗೆದ್ದ ಮೇಲೆ, ಟಿಪ್ಪುವಿನ ಕಾಲದಲ್ಲಿ ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂಬ ಹೆಸರಿತ್ತು, ಆ ಟಂಕಸಾಲೆಯ ಹೆಸರನ್ನು ಹೊತ್ತ ಆನೆಯ ಗುರುತಿನ ತಾಮ್ರದ ಪೈಸೆಗಳು ಇಂದಿಗೂ ಸಿಗುತ್ತವೆ. ತಾಮ್ರದ ಮೇಲೆ ಮೊದಲು ಕಟ್ಟುವುದು ಕೆಂಪುಕಂದು ಆಕ್ಸೈಡ್, ಅದು ಗಾಢವಾಗುತ್ತ ಕಡುಕಂದಾಗುತ್ತದೆ. ಮಣ್ಣಿನಲ್ಲಿ ಶತಮಾನ ಕಳೆದರೆ ಮೇಲೆ ಹಸಿರು ಸೇರುತ್ತದೆ. ಕಾಲದಿಂದ ಬಂದ ಹಸಿರು ಗಟ್ಟಿಯಾಗಿ, ನುಣುಪಾಗಿ ಕಂದಿನ ಮೇಲೆ ಕೂತಿರುತ್ತದೆ, ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಏಳುವುದಿಲ್ಲ. ಉಪ್ಪು ಮತ್ತು ವಿನೆಗರಿನಿಂದ ಬರಿಸಿದ ಹಸಿರು ಪುಡಿಪುಡಿಯಾಗಿ ಉದುರುತ್ತದೆ, ಅದರ ಕೆಳಗೆ ಕಂದಿನ ಬದಲು ಹಸಿ ತಾಮ್ರದ ಗುಲಾಬಿ ಇಣುಕುತ್ತದೆ. ಪುಡಿಯಾಗುವ ತಿಳಿಹಸಿರು ನಿಜವಾದ ನಾಣ್ಯದಲ್ಲೂ ಕಂಡರೆ ಅದು ಕ್ಲೋರೈಡ್ ಹತ್ತಿದ ರೋಗ, ಅಂಥದ್ದನ್ನು ಉಳಿದ ತಾಮ್ರದಿಂದ ದೂರವಿಟ್ಟು ಒಣ ಜಾಗದಲ್ಲಿ ಇಡಬೇಕು. ಚಂದ್ರವಳ್ಳಿಯ ಅಗೆತದಲ್ಲಿ ರೋಮನ್ ಬೆಳ್ಳಿ ನಾಣ್ಯಗಳೂ ಶಾತವಾಹನ ಕಾಲದ ಸೀಸದ ನಾಣ್ಯಗಳೂ ದೊರೆತಿವೆ. ಹಾಗೆ ನೆಲದಿಂದ ಬರುವ ಬೆಳ್ಳಿ ಬೂದು, ಮಣ್ಣುಗಂದು, ಕೆಲವೊಮ್ಮೆ ಕ್ಲೋರೈಡಿನ ಮಂಕು ನೇರಳೆಯನ್ನು ಹೊತ್ತು ಬರುತ್ತದೆ. ನೆಲದಲ್ಲಿ ಸಿಕ್ಕಿದ್ದು ಎಂದು ಯಾರಾದರೂ ಕಾಮನಬಿಲ್ಲಿನ ಬೆಳ್ಳಿಯನ್ನು ತೋರಿಸಿದರೆ ಆ ಕಥೆಗೆ ಕಾಲಿಲ್ಲ.

ನನ್ನ 1907ರ ರೂಪಾಯಿಯನ್ನು ಅಸಿಟೋನಿನಲ್ಲಿ ಮುಳುಗಿಸಿದೆ, ಬಣ್ಣ ಇಳಿಯಲಿಲ್ಲ. ಬಲ್ಬಿನ ಕೆಳಗೆ ನೋಡಿದಾಗ ಎಡ್ವರ್ಡನ ಸವೆದ ಕಿವಿಯ ಮೇಲೂ ಗಡ್ಡದ ಸಂದಿಯಲ್ಲೂ ಒಂದೇ ನೀಲಿ, ಹಿಂಬದಿಯ ಕಮಲದ ದಂಟಿನ ಪಕ್ಕದಲ್ಲಿ ಹನಿಯೊಂದು ಹರಿದು ನಿಂತ ಗುರುತು. ಮಾಡಿದವರು ದ್ರಾವಣವನ್ನು ಸರಿಯಾಗಿ ತೊಳೆಯದೆ ಬಿಟ್ಟಿದ್ದರೆಂದು ಕಾಣುತ್ತದೆ, ಏಕೆಂದರೆ ಉಳಿದ ಗಂಧಕ ತನ್ನ ಕೆಲಸ ಮುಂದುವರಿಸಿ ಮೊದಲ ಮಳೆಗಾಲದ ಹೊತ್ತಿಗೆ ಗುಲಾಬಿ ಪಟ್ಟೆಗಳು ನೀಲಿಯಾದವು, ಮೂರನೆಯ ಮಳೆಗಾಲ ಕಳೆಯುವಷ್ಟರಲ್ಲಿ ನಾಣ್ಯ ಪೂರ್ತಿ ಬೂದುಗಪ್ಪಾಯಿತು.